ಹಳದಿ ಅಂಗಿಯ ಲೆಕ್ಕ

ಗೆದ್ದದ್ದು ಎಷ್ಟು ಅಂತ ಕೇಳಬ್ಯಾಡ.
ಹರಿದದ್ದು ಕೇಳು, ಹೇಳ್ತೀನಿ.
ನಲವತ್ತೊಂದು ವರ್ಷ ಕಾಗಿಣಾ ಇಲೆವೆನ್ನಿನ ಬೆನ್ನಿಗೆ
ನಂಬರು ಹೊಲಿದಾಕಿ ನಾ.
ಬಗಲು, ತೋಳು, ಕೊರಳಪಟ್ಟಿ,
ಯಾಂವ ಎಲ್ಲಿ ಹಿಡಿದು ಜಗ್ಗ್ಯಾನ ಅನ್ನೋದು
ರೆಫ್ರಿ ನೋಡ್ಲಿಲ್ಲಂದ್ರೂ ನನ್ನ ಸೂಜಿಗೆ ಗೊತ್ತು.

ವಾಡಿ ಅಂದ್ರ ಮಂದಿಗೆ ಗಾಡಿ ಬದಲಿಸೋ ಊರು.
ಮುಂಬೈಗೆ ಹೋಗಾವ್ರು ಇಲ್ಲಿ ಚಹಾ ಕುಡೀತಾರ,
ಹೈದರಾಬಾದಿಗೆ ಹೋಗಾವ್ರು ಮುಖ ತೊಳೀತಾರ,
ಊರೊಳಗ ಯಾರೂ ಬರಂಗಿಲ್ಲ.
ಬಂದಿದ್ರ ಕಾಣ್ತಿತ್ತು,
ಮಾಲಗಾಡಿ ಹಳಿ ಆಚೆ, ಸಿಮೆಂಟಿನ ಧೂಳಿನಾಗ
ಹನ್ನೊಂದು ತೊಗರಿಹೂವು ಓಡ್ಯಾಡೋದು.

ಬಣ್ಣ ಯಾರೂ ಆರಿಸಿದ್ದಲ್ಲ.
ಕಟ್‌ಪೀಸಿನ ಘೇವರಚಂದನ ಅಂಗಡ್ಯಾಗ
ಯಾರಿಗೂ ಬ್ಯಾಡಾದ ಒಂದು ಹಳದಿ ಥಾನು ಇತ್ತು.
ಅರ್ಧ ರೇಟಿಗೆ ಕೊಟ್ಟ. ಅಷ್ಟೇ ಇತಿಹಾಸ.

ಎಂಬತ್ತೇಳರ ಫೈನಲ್ಲು, ಎದುರಿಗೆ ಸೋಲಾಪುರ.
ಗೋಲಿನಾಗ ಪಾಯಿಂಟ್ಸ್‌ಮನ್ ಗ್ಯಾನಪ್ಪ.
ಹಗಲೆಲ್ಲಾ ಗಾಡಿಗೆ ಹಾದಿ ಬಿಟ್ಟಾಂವ
ಸಂಜಿಗಿ ಚೆಂಡಿಗೆ ಹಾದಿ ಬಿಡಲಿಲ್ಲ.
ಕಡೀ ನಿಮಿಷಕ್ಕ ಮಾಪಣ್ಣ ಹೊಡೆದ.
ಪಾಳಿ ಮುಗಿಯೋಕಿನ ಮೊದಲ
ಫ್ಯಾಕ್ಟರಿ ಭೋಂಗಾ ತಾನಾಗಿ ಕೂಗ್ತು.
ಮೈಕಿನಾಗ ಅಂದ್ರು: ಗೋಲು, ಆರನೇ ನಂಬರು!

ತಪ್ಪು ನಂದು.
ಆರಕ್ಕೂ ಒಂಬತ್ತಕ್ಕೂ ಒಂದೇ ರಟ್ಟು,
ಹಿಂದಿನ ರಾತ್ರಿ ಕಂದೀಲು ಬೆಳಕಿನಾಗ
ಮಾಪಣ್ಣನ ಒಂಬತ್ತು ತಲೆಕೆಳಗಾಗಿತ್ತು.
ಮಾಲಿ, ಕೈಗಡಿಯಾರ, ಫೋಟೋ
ಎಲ್ಲಾ ಹೋಗಿದ್ದು ಖರೇ ಆರಿಗೆ,
ಮೈದಾನದ ಆ ತುದಿಗೆ ಬೂಟಿನ ಲೇಸು ಕಟ್ಕೋತ ಕುಂತಿದ್ದ
ಖಾಜಾಹುಸೇನಿಗೆ.
ನಾ ಅತ್ತೆ. ಮಾಪಣ್ಣ ನಕ್ಕ.
"ಇರಲಿ ಬಿಡಕ್ಕ, ಬಲೀ ಒಳಗಂತೂ ಬಿತ್ತಲ್ಲ."
ಖಾಜಾ ಆ ಗಡಿಯಾರ ಕಟ್ಟಲೇ ಇಲ್ಲ.
ಮಾಪಣ್ಣನ ಮನಿಗೆ ಮೂರು ಸಲ ಕಳಿಸಿದ,
ಮೂರು ಸಲ ತಿರುಗಿ ಬಂತು.

ಆಮ್ಯಾಲ ಸೋತ್ವಿ.
ಸೋತ್ವಿ.
ಗುಲಬರ್ಗಾ ಹೋಗಿ ಕಲಬುರಗಿ ಆಗೋತನಕ ಸೋತ್ವಿ.
ಕಂಪನಿ ರೊಕ್ಕ ನಿಲ್ಲಿಸ್ತು, ಮೈದಾನದ ಅರ್ಧಕ್ಕ ಲಾರಿ ನಿಂತವು.
ರಾಯಚೂರಿನಾಗ ಕಾಲೇಜು ಹುಡುಗರ ಕೈಲಿ ಒಂಬತ್ತು ಗೋಲು.
ಬರೋ ಪ್ಯಾಸೆಂಜರಿನಾಗ ಯಾರೂ ಮಾತಾಡಲಿಲ್ಲ.
ನಾಲವಾರದಾಗ ಗಾಡಿ ನಿಂತಾಗ ಮಿರ್ಚಿ ತಗೊಂಡ್ವಿ.
ಎಲ್ಲರ ಕಣ್ಣಾಗೂ ನೀರು.
"ಖಾರ ಭಾಳ ಅದ" ಅಂದ ಗ್ಯಾನಪ್ಪ.
ಅವನ ಮಿರ್ಚಿ ಕೈಯಾಗ ಹಂಗೇ ಇತ್ತು.

ಮೊಮ್ಮಗ ಮೊಬೈಲಿನಾಗ ದೊಡ್ಡ ದೊಡ್ಡ ಟೀಮು ತೋರಿಸ್ತಾನ.
ಹುಲ್ಲು ಅಂದ್ರ ಹುಲ್ಲು, ಬಿದ್ರೂ ಮೊಣಕಾಲು ಕೆತ್ತಂಗಿಲ್ಲ.
"ಇವರಿಗಿ ಸಪೋರ್ಟ್ ಮಾಡಜ್ಜಿ, ಗೆಲ್ತಾರ."
ಛಲೋ ಆಡ್ತಾರಪ್ಪ, ಇಲ್ಲ ಅನ್ನಂಗಿಲ್ಲ.
ಆದ್ರ ಅವರ ಎದಿ ಅಳತಿ ನನಗೆಲ್ಲಿ ಗೊತ್ತು?

ಹೋದ ಐತವಾರ ಶಹಾಬಾದಿನ ಜೋಡಿ ಮ್ಯಾಚು.
ನಮ್ಮ ಕಡಿಂದ ಬಂದವರು ಎಂಟು.
ಚೆಂಡು ತಂದುಕೊಡ್ತಿದ್ದ ಮಾಪಣ್ಣನ ಮೊಮ್ಮಗಳು ಭಾಗು
"ನಾ ಆಡ್ಲಾ?" ಅಂದ್ಳು.
ಯಾರೂ ಹೂಂ ಅನ್ನಲಿಲ್ಲ, ಯಾರೂ ಊಹೂಂ ಅನ್ನಲಿಲ್ಲ.
ಚೀಲದಾಗ ಒಂದು ಅಂಗಿ ಇತ್ತು, ತೊಡಿಸಿದೆ,
ಮೊಣಕಾಲತನಕ ಬಂತು.
ಕನ್ನಡಕ ಒರಸಿ, ಬೆರಳಿಂದ ಸವರಿ ನೋಡಿದೆ,
ಒಂಬತ್ತು ನೆಟ್ಟಗೇ ಇತ್ತು.

ನಾಕು ಸೊನ್ನಿ ಸೋತ್ವಿ.
ಕಣ್ಣಿಗೆ ಪೊರೆ ಬಂದದ ನನಗ,
ಆ ಕಡಿ ಗೋಲಿನ ಹತ್ರ ಏನಾಯ್ತೋ ಕಾಣಲಿಲ್ಲ,
ಬರೇ ಒಂದು ಹಳದಿ ಅತ್ತಾಗ ಹೋಗಿದ್ದು,
ಮಂದಿ ಎದ್ದು ನಿಂತಿದ್ದು.

ರಾತ್ರಿ ಒಗಿಲಿಕ್ಕೆ ಅಂಗಿ ತೆಗೆದೆ.
ಎಡ ಬಗಲಿನಾಗ ಗೇಣುದ್ದ ಹರಿದದ,
ಹಿಂದಿಂದ ಜಗ್ಗ್ಯಾರ.
ಅಂದ್ರ
ಚೆಂಡು ಆಕಿ ಕಾಲಾಗಿತ್ತು.